ಬಾನೆಟ್ ಸ್ಕೂಪ್: ಮನೇಲಿ ಬಣ್ಣ ಹೊಡೆದು ಕೂರಿಸಿದ ಮೇಲೆ ಏನು ಕೆಟ್ಟಿತು, ಯಾಕೆ ಕೆಟ್ಟಿತು

ದಾವಣಗೆರೆಯಲ್ಲಿ ಭಾನುವಾರ ಬೆಳಗ್ಗೆ ಅಂದರೆ ಬೆಣ್ಣೆ ದೋಸೆ, ಅದರಲ್ಲಿ ಚರ್ಚೆ ಇಲ್ಲ. ಎರಡು ದೋಸೆ ತಿಂದು, ಕೈ ತೊಳೆದ ಶಾಸ್ತ್ರ ಮಾಡಿ, ಮನೆಗೆ ಬಂದು ಪೋರ್ಟಿಕೋದಲ್ಲಿ ಸ್ಕೂಪ್‌ಗೆ, ಅಂದರೆ ಕಾರಿನ ಬಾನೆಟ್ ಮೇಲೆ ಕೂರಿಸುವ ಬಾಯಿ ತೆರೆದ ಉಬ್ಬು ಮುಚ್ಚಳಕ್ಕೆ, ಬಣ್ಣ ಹೊಡೆಯಲು ನಿಂತೆ. ಬಣ್ಣ ಹಿಡಿಯಲಿ ಅಂತ ಕೆಳಗೆ ಹೊಡೆಯುವ ಪ್ರೈಮರ್ ಹಿಂದಿನ ದಿನವೇ ಒಣಗಿತ್ತು. ಮೊದಲ ಕೋಟ್ ತೆಳ್ಳಗೆ ಹೊಡೆದೆ, ಏನೂ ಕಾಣಲಿಲ್ಲ. ಎರಡನೆಯದು ತುಸು ದಪ್ಪ. ಹೊಡೆದ ಅರ್ಧ ನಿಮಿಷಕ್ಕೆ ಎಡಗಡೆ ಅಂಚಿನಲ್ಲಿ ಬಣ್ಣ ತಾನಾಗಿಯೇ ಹಿಂದೆ ಸರಿಯತೊಡಗಿತು. ಸಾಸಿವೆ ಕಾಳಿನಷ್ಟು ಗುಳಿಗಳು. ನಡುವೆ ಬೂದು ಪ್ರೈಮರ್, ಸುತ್ತ ಬಣ್ಣದ ಪುಟ್ಟ ಏರಿ. ಮೇಲೆ ಒಂದು ಗುಂಪು, ಕೆಳಗಿನ ಮಡಿಕೆಯಲ್ಲಿ ಸಾಲಾಗಿ ನಾಲ್ಕು.

ಪಕ್ಕದ ಬೀದಿಯ ಪೇಂಟರ್ ಅಣ್ಣನನ್ನು ಕರೆದೆ. ಅವರು ಬಣ್ಣದ ಡಬ್ಬಿಯನ್ನೂ ನೋಡಲಿಲ್ಲ, ಪ್ರೈಮರನ್ನೂ ಕೇಳಲಿಲ್ಲ. ಗುಳಿಗಳ ಮೇಲೆ ಗಾಳಿಯಲ್ಲೇ ಕೈ ಇಟ್ಟು ತೋರಿಸಿದರು. ಹೆಬ್ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ, ಸರಿಯಾಗಿ ಕೂತವು. "ಬೆಣ್ಣೆ ಕೈಲಿ ಎತ್ಕಂಡು ಬಂದೀಯಲ್ಲಪ" ಅಂತ ನಕ್ಕರು.

ಅವತ್ತು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ದೋಷ ಹೇಗಿದೆ ಅನ್ನುವುದನ್ನು ಆಮೇಲೆ ನೋಡಿ, ಮೊದಲು ಅದು ಎಲ್ಲಿದೆ ನೋಡಿ. ಎಲ್ಲ ಕಡೆ ಇದೆಯಾ? ಅಂಚಿನಲ್ಲಿ ಮಾತ್ರವಾ? ಗಾಳಿ ಬೀಸುವ ಕಡೆಗಾ? ಟೇಪ್ ಅಂಟಿಸಿದ ಜಾಗದಲ್ಲಾ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಮತ್ತೆ ಸ್ಪ್ರೇ ಕ್ಯಾನ್ ಕೈಗೆ ತೆಗೆದುಕೊಳ್ಳುವ ಮುಂಚೆ ಒಂದು ಫೋಟೋ ತೆಗೆದಿಡಿ. ಒಣಗಿದ ಮೇಲೆ ಕೆಲವು ಗುರುತು ಮಾಯವಾಗುತ್ತವೆ.

ಕ್ಯಾನ್ ಅಲ್ಲಾಡಿಸುವ ಮುಂಚೆ

ಥಿನ್ನರ್ ಮತ್ತು ಸ್ಪ್ರೇಯ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿಯುತ್ತದೆ. ಪೋರ್ಟಿಕೋ ಪಕ್ಕದ ದೇವರ ಕೋಣೆಯ ದೀಪ, ಗ್ಯಾಸ್ ಗೀಸರ್, ಅಡುಗೆಮನೆಯ ಒಲೆ, ಯಾರದೋ ಬೀಡಿ, ಎಲ್ಲಕ್ಕೂ ಅದು ತಲುಪುತ್ತದೆ. ಬಣ್ಣ ಹೊಡೆಯುವಷ್ಟು ಹೊತ್ತು, ಆಮೇಲೆ ಒಂದು ಗಂಟೆ, ಬೆಂಕಿ ಬೇಡ. ಶೆಟರ್ ಎಳೆದ ಗ್ಯಾರೇಜಿನಲ್ಲಿ ಹೊಡೆಯುವುದೂ ಬೇಡ.

ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಸಾಮಾನ್ಯ ಸ್ಪ್ರೇ ಕ್ಯಾನ್‌ಗೂ ಕಾರ್ಬನ್ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕ. ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟ್, 2ಕೆ ಕ್ಲಿಯರ್ (ಬಣ್ಣದ ಮೇಲೆ ಹೊಳಪಿಗೆ ಹೊಡೆಯುವ ಪಾರದರ್ಶಕ ಕೋಟ್) ಇವುಗಳ ವಿಷಯವೇ ಬೇರೆ. ಹಾರ್ಡನರ್‌ನಲ್ಲಿ ಐಸೋಸೈನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಒಮ್ಮೆ ಮೈಗೆ ಅಲರ್ಜಿ ಹತ್ತಿದರೆ ಮುಂದೆ ಸ್ವಲ್ಪ ಸೋಕಿದರೂ ಉಬ್ಬಸ ಬರಬಹುದು. ಅದಕ್ಕೆ ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು. ಮನೆಯಲ್ಲಿ ಅದು ಇರುವುದಿಲ್ಲ. ಅಂಥ ಕ್ಲಿಯರೇ ಬೇಕು ಅಂದರೆ ಉಳಿದ ಕೆಲಸವೆಲ್ಲ ನೀವು ಮಾಡಿ, ಅದೊಂದು ಕೋಟ್‌ಗೆ ಬೂತ್, ಅಂದರೆ ಬಣ್ಣ ಹೊಡೆಯಲೆಂದೇ ಇರುವ ಕೋಣೆ, ಇರುವ ಪೇಂಟ್ ಅಂಗಡಿಗೆ ಕೊಡಿ.

ಏಪ್ರಿಲ್, ಮೇ ಬಿಸಿಲಿನಲ್ಲಿ ಕ್ಯಾನನ್ನು ಕಾರೊಳಗೆ ಬಿಟ್ಟು ಹೋಗಬೇಡಿ. 50 ಡಿಗ್ರಿ ದಾಟಬಾರದು ಅಂತ ಕ್ಯಾನ್ ಮೇಲೇ ಬರೆದಿರುತ್ತದೆ. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಂತ ಕಾರು ನಮ್ಮೂರಿನಲ್ಲಿ ಅದನ್ನು ಸುಲಭವಾಗಿ ದಾಟುತ್ತದೆ.

ಲಕ್ಷಣ: ಹಸಿ ಬಣ್ಣದಲ್ಲಿ ಗುಂಡನೆ ಗುಳಿಗಳು

ನನ್ನ ಬೆಣ್ಣೆ ಕಥೆ ಇದೇ. ಪೇಂಟರ್‌ಗಳು ಫಿಶ್ ಐ ಅನ್ನುತ್ತಾರೆ, ನೋಡಲು ಮೀನಿನ ಕಣ್ಣಿನ ಹಾಗೇ ಇರುತ್ತದೆ. ಕೆಳಗೆ ಎಣ್ಣೆ, ಮೇಣ ಅಥವಾ ಸಿಲಿಕೋನ್ ಇದ್ದರೆ ಬಣ್ಣ ಅದರ ಮೇಲೆ ನಿಲ್ಲದೆ ಸುತ್ತ ಸರಿದುಕೊಳ್ಳುತ್ತದೆ.

ಬೆರಳಿನ ಆಕಾರದಲ್ಲಿದ್ದರೆ ಕೈಯ ಜಿಡ್ಡು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯೂ ಇಷ್ಟೇ ಕೆಲಸ ಮಾಡುತ್ತದೆ. ಹನಿ ಚಿಮುಕಿಸಿದ ಹಾಗೆ ಒಂದೇ ಕಡೆ ಇದ್ದರೆ ಯಾರಾದರೂ ಹತ್ತಿರದಲ್ಲಿ ಟೈರ್ ಪಾಲಿಶ್ ಅಥವಾ ಡ್ಯಾಶ್‌ಬೋರ್ಡ್ ಪಾಲಿಶ್ ಹೊಡೆದಿದ್ದಾರೆ. ಅವುಗಳಲ್ಲಿ ಸಿಲಿಕೋನ್ ಇರುತ್ತದೆ, ಗಾಳಿಯಲ್ಲಿ ತೇಲಿ ಬಂದು ಕೂರುತ್ತದೆ. ಇಡೀ ಸ್ಕೂಪ್ ತುಂಬ ಇದ್ದರೆ, ಅದರಲ್ಲೂ ಫೈಬರ್ ಸ್ಕೂಪ್ ಆಗಿದ್ದರೆ, ಅಚ್ಚಿನಿಂದ ಬಿಡಿಸಲು ಹಚ್ಚಿದ ಮೇಣ ಇನ್ನೂ ಮೇಲೇ ಇದೆ. ಕಂಪ್ರೆಸರ್ ಗನ್‌ನಲ್ಲಿ ಹೊಡೆಯುವವರಿಗಾದರೆ ಪೈಪಿನಲ್ಲಿ ಬರುವ ಎಣ್ಣೆಯೂ ಕಾರಣವಾಗಬಹುದು. ಒಂದು ಬಿಳಿ ಕಾಗದಕ್ಕೆ ಬರೀ ಗಾಳಿ ಬಿಟ್ಟು ನೋಡಿ, ಕಲೆ ಬಿದ್ದರೆ ಅದೇ.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ಬಣ್ಣಕ್ಕೆ ಮುಂಚೆ ಸ್ಕೂಪ್ ಮೇಲೆ ನೀರು ಸುರಿಯಿರಿ. ನೀರು ಹಾಳೆಯ ಹಾಗೆ ಒಂದೇ ಸಮ ಹರಿದರೆ ಮೈ ಶುದ್ಧ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಮುತ್ತುಮುತ್ತಾಗಿ ನಿಂತರೆ ಜಿಡ್ಡಿರಬಹುದು. ಪಾತ್ರೆ ಸೋಪಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ ಒಣಗಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ತೆಗೆಯಬೇಕು. ಒಂದೇ ಬಟ್ಟೆಯಾದರೆ ಜಿಡ್ಡನ್ನು ಸುಮ್ನೆ ಇಲ್ಲಿಂದ ಅಲ್ಲಿಗೆ ಸಾಗಿಸಿದ ಹಾಗೆ. ಉಜ್ಜುವುದು ಆಮೇಲೆ. ಮೊದಲೇ ಉಜ್ಜಿದರೆ ಪೇಪರ್ ಗೀರಿನೊಳಗೆ ಜಿಡ್ಡನ್ನು ಒತ್ತಿ ಕೂರಿಸುತ್ತದೆ.

ಗುಳಿ ಬಿದ್ದಾಗಿದೆಯಾ? ಅದರ ಮೇಲೆ ದಪ್ಪಗೆ ಹೊಡೆದು ಮುಚ್ಚಲು ಹೋಗಬೇಡಿ, ಗುಳಿ ದೊಡ್ಡದಾಗುತ್ತದೆ. ಪೂರ್ತಿ ಒಣಗಲು ಬಿಡಿ. 600 ನಂಬರಿನ ವಾಟರ್ ಪೇಪರಿನಲ್ಲಿ ಗುಳಿಯ ತಳದವರೆಗೆ ಉಜ್ಜಿ, ಮತ್ತೆ ಒರೆಸಿ, ಪ್ರೈಮರ್‌ನಿಂದ ಶುರು ಮಾಡಿ. ಎರಡು ಸಲ ಮಾಡಿದರೂ ಎಲ್ಲ ಕಡೆ ಗುಳಿ ಬೀಳುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ ಪೇಂಟರ್‌ಗೆ ಕೊಡಿ.

ಲಕ್ಷಣ: ಬಣ್ಣ ಉಗುರಿಗೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ

ಮೊದಲು ನೋಡಬೇಕಾದ್ದು ಕಿತ್ತು ಬಂದ ಚೂರಿನ ಹಿಂಬದಿ. ಹಿಂದೆ ಪ್ರೈಮರ್ ಸಮೇತ ಬಂದು ಬರೀ ಪ್ಲಾಸ್ಟಿಕ್ ಕಾಣುತ್ತಿದ್ದರೆ ಪ್ರೈಮರ್ ಪ್ಲಾಸ್ಟಿಕ್ಕಿಗೆ ಹಿಡಿದಿಲ್ಲ. ಪ್ರೈಮರ್ ಅಲ್ಲೇ ಉಳಿದು ಬಣ್ಣ ಮಾತ್ರ ಬಂದಿದ್ದರೆ ಪ್ರೈಮರ್ ಉಜ್ಜಿಲ್ಲ, ಇಲ್ಲವೇ ಉಜ್ಜಿದ ಪುಡಿ ಒರೆಸಿಲ್ಲ.

ಮೊದಲನೆಯದಾದರೆ ಸ್ಕೂಪ್ ಯಾವ ಪ್ಲಾಸ್ಟಿಕ್ ಅಂತ ತಿಳಿಯಬೇಕು. ಹಿಂದೆ ತಿರುಗಿಸಿ ನೋಡಿ, ಎಬಿಎಸ್ ಅಥವಾ ಪಿಪಿ ಅಂತ ಅಚ್ಚು ಇರಬಹುದು. ಇಲ್ಲದಿದ್ದರೆ ಒಳಗಿನ ಕಾಣದ ಅಂಚಿನಿಂದ ಬಣ್ಣವಿಲ್ಲದ ಒಂದು ಚೂರು ಕತ್ತರಿಸಿ, ಒಂದು ಹನಿ ಸೋಪು ಹಾಕಿದ ಬಕೆಟ್ ನೀರಿಗೆ ಹಾಕಿ. ಗುಳ್ಳೆ ಅಂಟಿಕೊಳ್ಳದ ಹಾಗೆ ಒಮ್ಮೆ ಅದ್ದಿ ಬಿಡಿ. ಎಬಿಎಸ್ ಮುಳುಗುತ್ತದೆ, ಪಿಪಿ ತೇಲುತ್ತದೆ. ಎಬಿಎಸ್ ಮೇಲೆ 320 ಅಥವಾ 400 ನಂಬರಿನ ಪೇಪರಿನಲ್ಲಿ ಉಜ್ಜಿ ಪ್ಲಾಸ್ಟಿಕ್ ಪ್ರೈಮರ್ ಹೊಡೆದರೆ ಸಾಕು. ಪಿಪಿಗೆ ಅದು ಸಾಲದು, ಪ್ರೈಮರ್‌ಗೂ ಮುಂಚೆ ಅಡ್ಹೆಷನ್ ಪ್ರೊಮೋಟರ್ ಅನ್ನುವ ಬಣ್ಣವಿಲ್ಲದ ಕೋಟ್ ಬೇಕು. ಉಜ್ಜಿದ್ದು ಸಾಕಾಯಿತಾ ಅಂತ ತಿಳಿಯಲು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎಲ್ಲಾದರೂ ಮಿಂಚುತ್ತಿದ್ದರೆ ಅಲ್ಲಿ ಬಣ್ಣ ನಿಲ್ಲುವುದಿಲ್ಲ. ಸ್ಕೂಪಿನ ಬಾಯಿಯ ಒಳಮೂಲೆಯನ್ನು ನಾವೆಲ್ಲ ಮರೆಯುತ್ತೇವೆ, ಕೀಳುವುದು ಅಲ್ಲಿಂದಲೇ ಶುರು.

ಉಳಿದ ಬಣ್ಣ ಗಟ್ಟಿಯಿದೆಯಾ ಅನ್ನುವ ಅನುಮಾನ ಇದ್ದರೆ ಕಾಣದ ಜಾಗದಲ್ಲಿ ಬ್ಲೇಡಿನಿಂದ ಚೌಕಾಬಾರದ ಮನೆಯ ಹಾಗೆ ಸಣ್ಣ ಗೆರೆ ಎಳೆದು, ಮೇಲೆ ಟೇಪ್ ಒತ್ತಿ, ಒಂದೇ ಸಲಕ್ಕೆ ಎಳೆಯಿರಿ. ಚೌಕಗಳು ಟೇಪಿಗೆ ಬಂದರೆ ಪೂರ್ತಿ ತೆಗೆದು ಮೊದಲಿನಿಂದ ಮಾಡುವುದೇ ವಾಸಿ. ಥಿನ್ನರ್ ಸುರಿದು ಕಳಚಲು ಮಾತ್ರ ಹೋಗಬೇಡಿ. ಎಬಿಎಸ್ ಮೆತ್ತಗಾಗಿ ಬಿರುಕು ಬಿಡುತ್ತದೆ.

ಲಕ್ಷಣ: ಮೈ ಒರಟು, ಕಿತ್ತಳೆ ಸಿಪ್ಪೆಯ ಹಾಗಿದೆ

ಕೈ ಸವರಿ. ಮರಳು ಕಾಗದದ ಹಾಗೆ ಒಣ ಒರಟಾಗಿದ್ದರೆ ಬಣ್ಣ ತಲುಪುವ ಮುಂಚೆ ಗಾಳಿಯಲ್ಲೇ ಒಣಗಿದೆ. ನುಣುಪಾಗಿದ್ದೂ ಗುಳಿಗುಳಿಯಾಗಿ ಕಂಡರೆ ಬಣ್ಣ ಬಿದ್ದಿದೆ, ಆದರೆ ಹರಡಿ ಸಮವಾಗುವ ಮುಂಚೆ ಗಟ್ಟಿಯಾಗಿದೆ. ಎರಡಕ್ಕೂ ನಮ್ಮ ಕಡೆ ದೊಡ್ಡ ಕಾರಣ ಬಿಸಿಲು. ಬೇಸಿಗೆಯ ಮಧ್ಯಾಹ್ನ 38 ಡಿಗ್ರಿ ಇದ್ದಾಗ ಹೊಡೆದರೆ ಇದು ಖಂಡಿತ. ಬೆಳಗ್ಗೆ ಏಳರಿಂದ ಒಂಬತ್ತರ ಒಳಗೆ, ನೆರಳಲ್ಲಿ, ಸ್ಕೂಪ್ ಕೈಗೆ ತಣ್ಣಗಿರುವಾಗ ಹೊಡೆಯಿರಿ.

ಒರಟು ಒಂದೇ ಬದಿಗೆ ಇದ್ದರೆ ಗಾಳಿಯನ್ನು ಬೈಯಿರಿ. ಚಿತ್ರದುರ್ಗದಲ್ಲಿರುವ ನನ್ನ ಭಾವನ ಸ್ಕೂಪ್ ಬಲಗಡೆ ಗಾಜು, ಎಡಗಡೆ ಎಮರಿ ಪೇಪರ್. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢದ ಗಾಳಿಯಲ್ಲಿ ಮಾಳಿಗೆ ಮೇಲೆ ನಿಂತು ಬಣ್ಣ ಹೊಡೆದರೆ ಪಕ್ಕದ ಮನೆ ಗೋಡೆಗೂ ಪಾಲು ಹೋಗುತ್ತದೆ.

ಎರಡು ಬದಿಯೂ ಒಂದೇ ತರ ಒರಟಾಗಿದ್ದರೆ ಕೈ ದೂರ ಇದ್ದಿರಬೇಕು. 20ರಿಂದ 25 ಸೆಂಟಿಮೀಟರ್, ಅಂದರೆ ಅಗಲಿಸಿದ ಒಂದು ಗೇಣು, ಸರಿಯಾದ ದೂರ. ಕ್ಯಾನ್ ಒಳಗಿನ ಗೋಲಿ ಸದ್ದು ಮಾಡಲು ಶುರುವಾದ ಮೇಲೆ ಇನ್ನೂ ಎರಡು ನಿಮಿಷ ಅಲ್ಲಾಡಿಸಿ. ಅಲ್ಲಾಡಿಸದ ಕ್ಯಾನ್ ಮೊದಲು ನೀರು, ಕೊನೆಗೆ ಗಸಿ ಉಗುಳುತ್ತದೆ.

ಸರಿಪಡಿಸಲು ಕನಿಷ್ಠ ಒಂದೆರಡು ದಿನ ಒಣಗಲಿ. ಮೇಲೆ ಕ್ಲಿಯರ್ ಇದ್ದರೆ 1500, ಆಮೇಲೆ 2000 ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿದರೆ ಹೊಳಪು ಬರುತ್ತದೆ. ಉಜ್ಜುವ ನೀರು ಬೆಳ್ಳಗೆ ಬರಬೇಕು. ಕಾರಿನ ಬಣ್ಣವೇ ನೀರಿಗೆ ಬರತೊಡಗಿತು ಅಂದರೆ ಕ್ಲಿಯರ್ ದಾಟಿದ್ದೀರಿ, ತಕ್ಷಣ ನಿಲ್ಲಿಸಿ. ಕ್ಲಿಯರ್ ಕೆಳಗಿನ ಮೆಟಾಲಿಕ್ ಬಣ್ಣದ ಕೋಟನ್ನು, ಅಂದರೆ ಬೇಸ್ ಕೋಟನ್ನು, ನೇರವಾಗಿ ಪಾಲಿಶ್ ಮಾಡಲು ಬರುವುದೇ ಇಲ್ಲ.

ಲಕ್ಷಣ: ಬಣ್ಣ ಸೋರಿ ಗೆರೆ ಬಿದ್ದಿದೆ

ಸ್ಕೂಪಿನ ಮೂಗಿನ ಕೆಳಗೆ ಹೆಚ್ಚಾಗಿ ಆಗುತ್ತದೆ. ಅಲ್ಲಿ ಕೈ ತಿರುಗುವಾಗ ಕ್ಯಾನ್ ಒಂದು ಕ್ಷಣ ನಿಲ್ಲುತ್ತದೆ, ಬಟನ್ ಒತ್ತೇ ಇರುತ್ತೀರಿ. ಹಸಿ ಇದ್ದಾಗ ಬೆರಳು, ಬಟ್ಟೆ ಯಾವುದೂ ಬೇಡ. ಒಣಗಿದ ಮೇಲೆ ಗಟ್ಟಿ ರಬ್ಬರ್ ತುಂಡಿಗೆ 800 ಪೇಪರ್ ಸುತ್ತಿ ಆ ಗೆರೆಯನ್ನಷ್ಟೇ ಇಳಿಸಿ. ಬೆರಳಲ್ಲೇ ಉಜ್ಜಿದರೆ ಗೆರೆಯ ಪಕ್ಕದಲ್ಲಿ ಹಳ್ಳ ಬೀಳುತ್ತದೆ.

ಲಕ್ಷಣ: ಮಂಜು ಮುಸುಕಿದ ಹಾಗೆ ಬೆಳ್ಳಗಾಗಿದೆ

ಮಳೆಗಾಲದ ದೋಷ. ಥಿನ್ನರ್ ಬೇಗ ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ತಣ್ಣನೆ ಲೋಟದ ಮೇಲೆ ಬೆವರು ಕೂತ ಹಾಗೆ. ಒಂದು ದಿನ ಬಿಡಿ, ತೆಳ್ಳಗಿದ್ದರೆ ತಾನೇ ಹೋಗುತ್ತದೆ. ಉಳಿದರೆ ಪಾಲಿಶ್. ಅದಕ್ಕೂ ಬಗ್ಗದಿದ್ದರೆ ಒಣ ಹವೆ ಇರುವ ದಿನ ಮೇಲೆ ಒಂದು ತೆಳು ಕೋಟ್.

ಲಕ್ಷಣ: ಬಣ್ಣ ಸುಕ್ಕುಗಟ್ಟಿದೆ

ಹಾಲಿನ ಕೆನೆಯ ಹಾಗೆ ಸುಕ್ಕಾಗಿದ್ದರೆ ಕೆಳಗಿನ ಕೋಟನ್ನು ಮೇಲಿನ ಕೋಟ್‌ನ ಥಿನ್ನರ್ ಕರಗಿಸಿ ಎತ್ತಿದೆ. ಎರಡು ಪ್ರಶ್ನೆ ಕೇಳಿಕೊಳ್ಳಿ. ಕೆಳಗೆ ಎನಾಮಲ್ ಹೊಡೆದು ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಹೊಡೆದಿರಾ? ಅದು ಆಗಿಬರುವುದಿಲ್ಲ. ಒಂದೇ ಕಂಪನಿಯ ಬಣ್ಣವೇ ಆಗಿದ್ದರೆ, ಎಷ್ಟು ಹೊತ್ತು ಬಿಟ್ಟು ಹೊಡೆದಿರಿ? ಕೆಲವು ಎನಾಮಲ್ ಕ್ಯಾನ್‌ಗಳ ಮೇಲೆ ಒಂದು ಗಂಟೆಯ ಒಳಗೆ, ಇಲ್ಲವಾದರೆ 24 ಅಥವಾ 48 ಗಂಟೆ ಬಿಟ್ಟು ಅಂತ ಬರೆದಿರುತ್ತದೆ. ನಡುವಿನ ಹೊತ್ತಿನಲ್ಲಿ ಹೊಡೆದರೆ ಇದೇ ಗತಿ. ಮಧ್ಯಾಹ್ನ ಊಟ ಮಾಡಿ, ಸ್ವಲ್ಪ ಮಲಗಿ, ಸಂಜೆ ಕ್ಲಿಯರ್ ಹೊಡೆದವರಿಗೆ ಜಾಸ್ತಿ ಆಗುವುದು ಇದು. ಸುಕ್ಕಿಗೆ ಅಡ್ಡದಾರಿ ಇಲ್ಲ. ಪೂರ್ತಿ ಒಣಗಿಸಿ, ಗಟ್ಟಿ ತಳ ಸಿಗುವವರೆಗೆ ಉಜ್ಜಿ, ಮತ್ತೆ ಪ್ರೈಮರ್.

ಲಕ್ಷಣ: ಕಾಳುಕಾಳು, ಕಪ್ಪು ಚುಕ್ಕೆ, ವಾರದ ನಂತರ ಬೊಬ್ಬೆ

ಕಾಳು ಅಂದರೆ ದೂಳು. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳದ ಒಕ್ಕಣೆ ಕಾಲದಲ್ಲಿ ರಸ್ತೆಯೇ ಕಣ. ಆ ಹೊಟ್ಟು ಗಾಳಿಯಲ್ಲಿ ತೇಲುವಾಗ ಬಣ್ಣಕ್ಕೆ ಕೈ ಹಾಕಬೇಡಿ. ಮಂಡಕ್ಕಿ ಭಟ್ಟಿಗಳ ಕಡೆ ಮನೆ ಇರುವವರಿಗೆ ಕಪ್ಪು ಮಸಿಯ ಚುಕ್ಕೆ ಗೊತ್ತೇ ಇರುತ್ತದೆ. ನೆಲಕ್ಕೆ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು ಹೊಡೆದರೆ ಅರ್ಧ ದೂಳು ಕಡಿಮೆ. ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಒಂದು ಬದಿ ಕತ್ತರಿಸಿ ಅದರೊಳಗೆ ಸ್ಕೂಪ್ ಇಟ್ಟು ಹೊಡೆದರೆ ಇನ್ನೂ ಚೆನ್ನ. ನಾನು ಈಗ ಫ್ರಿಜ್ಜಿನ ಪೆಟ್ಟಿಗೆ ಬಳಸುತ್ತೇನೆ.

ಬೊಬ್ಬೆ ಬೇರೆ. ವಾರ, ಎರಡು ವಾರದ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದರೆ ಬಣ್ಣದ ಅಡಿಯಲ್ಲಿ ತೇವ ಅಥವಾ ಉಪ್ಪು ಇದೆ. ಬೋರ್‌ವೆಲ್ ನೀರಲ್ಲಿ ಉಜ್ಜಿ ಹಾಗೇ ಆರಲು ಬಿಟ್ಟರೆ ನೀರಿನ ಗಡಸು ಬಿಳಿ ಕಲೆಯಾಗಿ ಉಳಿಯುತ್ತದೆ, ಆಮೇಲೆ ಅದು ತೇವ ಎಳೆಯುತ್ತದೆ. ಕೊನೆಯ ಸಲ ಜಾಲಿಸಲು ಫಿಲ್ಟರ್ ನೀರಿನ ಒಂದು ಚೊಂಬು ಸಾಕು.

ಲಕ್ಷಣ: ಬಣ್ಣ ಬಾನೆಟ್‌ಗೆ ಹೊಂದುತ್ತಿಲ್ಲ

ಬಾನೆಟ್ ಮೇಲೆ ಇಟ್ಟು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ನೇರವಾಗಿ ನೋಡಿದಾಗ ಹೊಂದಿ, ಓರೆಯಾಗಿ ನೋಡಿದಾಗ ಬೇರೆ ಕಂಡರೆ ಮೆಟಾಲಿಕ್ ಕಣಗಳು ಬೇರೆ ತರ ಕೂತಿವೆ. ಅದು ಹೊಡೆದ ದೂರ ಮತ್ತು ತೇವದ ವ್ಯತ್ಯಾಸ, ಬಣ್ಣದ ತಪ್ಪಲ್ಲ. ಎರಡು ಕಡೆಯಿಂದಲೂ ಬೇರೆಯೇ ಕಂಡರೆ ಮೊದಲು ಬಾನೆಟ್‌ಗೆ ಒಂದು ಮೂಲೆಯಲ್ಲಿ ಪಾಲಿಶ್ ಮಾಡಿ ನೋಡಿ. ಎಂಟು ವರ್ಷದ ಬಿಸಿಲು ಕುಡಿದ ಬಾನೆಟ್ ಮಂಕಾಗಿರುತ್ತದೆ, ಹೊಸ ಬಣ್ಣ ಸರಿಯಾಗಿಯೇ ಇರಬಹುದು. ಆಮೇಲಷ್ಟೇ ಕಾರಿನ ಪ್ಲೇಟ್ ಮೇಲಿನ ಕಲರ್ ಕೋಡ್ ಹಿಡಿದು ಬಣ್ಣ ಬೆರೆಸುವ ಅಂಗಡಿಗೆ ಹೋಗಿ. ಕೋಡ್ ಒಂದೇ ಸಾಲದು, ಪೆಟ್ರೋಲ್ ಟ್ಯಾಂಕಿನ ಹೊರಗಿನ, ಕಾರಿನ ಬಣ್ಣದ ಮುಚ್ಚಳವನ್ನೂ ಬಿಚ್ಚಿ ಒಯ್ಯಿರಿ. ನನ್ನನ್ನು ಕೇಳಿದರೆ ಸ್ಕೂಪ್ ಮ್ಯಾಟ್ ಕಪ್ಪು ಇದ್ದರೇ ಚಂದ, ಈ ತಲೆನೋವೂ ಇಲ್ಲ.

ಲಕ್ಷಣ: ಕೂರಿಸಿದ ಮೇಲೆ ಅಂಚು ಎದ್ದಿದೆ

ಇಲ್ಲಿಂದ ಬಣ್ಣದ ಮಾತು ಮುಗಿದು ಫಿಟ್ಟಿಂಗ್ ಶುರು. ಯಾವಾಗ ಎದ್ದಿತು ಅನ್ನುವುದೇ ಸುಳಿವು.

ಅಂಟಿಸಿದ ದಿನವೇ ಸಂದು ಇದ್ದರೆ ಸ್ಕೂಪಿನ ತಳದ ಬಾಗು ಬಾನೆಟ್‌ನ ಬಾಗಿಗೆ ಕೂಡುತ್ತಿಲ್ಲ. ಎರಡು ಬದಿಯೂ ಅಂಟುವ ಟೇಪ್ ಎಷ್ಟು ಒಳ್ಳೆಯದಾದರೂ ಸ್ಪ್ರಿಂಗಿನ ಹಾಗೆ ಎಳೆಯುವ ಪ್ಲಾಸ್ಟಿಕ್ಕನ್ನು ದಿನಗಟ್ಟಲೆ ಹಿಡಿದಿಡುವುದಿಲ್ಲ. ಇದನ್ನು ಬಣ್ಣ ಹೊಡೆಯುವ ಮುಂಚೆಯೇ ನೋಡಬೇಕಿತ್ತು. ಬರೀ ಸ್ಕೂಪನ್ನು ಬಾನೆಟ್ ಮೇಲಿಟ್ಟು ಸುತ್ತ ಪೋಸ್ಟ್ ಕಾರ್ಡ್ ತೂರಿಸಿ ನೋಡಿ. ಒಂದು ಕಾರ್ಡ್ ಬಿಗಿಯಾಗಿ ಹೋದರೆ ಟೇಪಿನ ದಪ್ಪ ಅದನ್ನು ತುಂಬುತ್ತದೆ. ನಾಲ್ಕೈದು ಕಾರ್ಡ್ ಸಲೀಸಾಗಿ ಹೋದರೆ ತಳ ಉಜ್ಜಿ ಹೊಂದಿಸಬೇಕು. ಬಾನೆಟ್‌ಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ 80 ನಂಬರಿನ ಪೇಪರನ್ನು ಉಜ್ಜುವ ಬದಿ ಮೇಲೆ ಬರುವ ಹಾಗೆ ಅಂಟಿಸಿ, ಸ್ಕೂಪನ್ನೇ ಮೇಲೆ ಹಿಂದೆಮುಂದೆ ಆಡಿಸಿ. ತಳ ಬಾನೆಟ್‌ನ ಬಾಗನ್ನೇ ಪಡೆಯುತ್ತದೆ.

ಮೂರು ನಾಲ್ಕು ದಿನಕ್ಕೆ ಎದ್ದಿದ್ದರೆ ಟೇಪಿನ ಕೆಲಸ ಕೆಟ್ಟಿದೆ. ಎದ್ದ ಟೇಪ್ ಯಾವ ಕಡೆ ಉಳಿದಿದೆ ನೋಡಿ. ಸ್ಕೂಪಿಗೆ ಅಂಟಿಕೊಂಡು ಬಂದಿದ್ದರೆ ಬಾನೆಟ್ ಮೇಲೆ ಮೇಣದ ಪಾಲಿಶ್ ಇತ್ತು. ಬಾನೆಟ್ ಮೇಲೇ ಉಳಿದಿದ್ದರೆ ಸ್ಕೂಪಿನ ತಳ ಶುದ್ಧ ಇರಲಿಲ್ಲ. ಟೇಪಿನ ಜತೆ ಬಣ್ಣವೂ ಬಂದಿದ್ದರೆ ಬಣ್ಣ ಪೂರ್ತಿ ಒಣಗುವ ಮುಂಚೆ ಅಂಟಿಸಿದ್ದೀರಿ. ವಿಎಚ್‌ಬಿ ಅನ್ನುವ ಒಳ್ಳೆಯ ಗಟ್ಟಿ ಟೇಪ್ ಕೂಡ ಅಂಟಿಸಿದ 20 ನಿಮಿಷಕ್ಕೆ ಅರ್ಧ ಬಲ, 24 ಗಂಟೆಗೆ ಸುಮಾರು 90 ಭಾಗ, 72 ಗಂಟೆಗೆ ಪೂರ್ತಿ ಬಲ ಪಡೆಯುತ್ತದೆ. ಶನಿವಾರ ಸಂಜೆ ಅಂಟಿಸಿ ಭಾನುವಾರ ಬೆಳಗ್ಗೆ ಹೈವೇ ಹತ್ತಿದರೆ ಟೇಪನ್ನು ಬೈದು ಪ್ರಯೋಜನ ಇಲ್ಲ. ಮೂರು ದಿನ ತೊಳೆಯುವುದೂ ಬೇಡ.

ತೆಗೆಯಬೇಕಾದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ, ಗಾಳ ಹಾಕುವ ನೈಲಾನ್ ದಾರವನ್ನು ಅಡಿಯಲ್ಲಿ ಗರಗಸದ ಹಾಗೆ ಆಡಿಸಿದರೆ ಬಣ್ಣ ಉಳಿಯುತ್ತದೆ.

ಬೋಲ್ಟ್ ಹಾಕಿದ ಸ್ಕೂಪಿನಲ್ಲಿ ಬೋಲ್ಟ್ ಸುತ್ತ ಬಿರುಕು ಬಂದಿದೆಯಾ? ಎಬಿಎಸ್ ಪ್ಲಾಸ್ಟಿಕ್ ಬಿಸಿಗೆ ಕಬ್ಬಿಣದ ಐದಾರು ಪಟ್ಟು ಹಿಗ್ಗುತ್ತದೆ. 40 ಸೆಂಟಿಮೀಟರ್ ಉದ್ದದ ಸ್ಕೂಪ್ 40 ಡಿಗ್ರಿ ಹೆಚ್ಚು ಕಾದರೆ ಬಾನೆಟ್‌ಗಿಂತ ಸುಮಾರು 1 ಮಿಲಿಮೀಟರ್ ಜಾಸ್ತಿ ಉದ್ದವಾಗುತ್ತದೆ. ಒಂದು ತೂತು ಬಿಗಿ ಇರಲಿ, ಉಳಿದವು ಬೋಲ್ಟ್‌ಗಿಂತ ಸ್ವಲ್ಪ ದೊಡ್ಡವಿರಲಿ. ರಬ್ಬರ್ ವಾಷರ್ ಹಾಕಿ, ಬಿಗಿ ಮಾಡುವಾಗ ಕೈ ಹಿಡಿತ ಇರಲಿ.

ಲಕ್ಷಣ: ಓಡಿಸುವಾಗ ಸೀಟಿ ಅಥವಾ ಕಟಕಟ ಸದ್ದು

ಸೀಟಿ ಅಂದರೆ ಸಂದು. ಮಾಸ್ಕಿಂಗ್ ಟೇಪ್ ತೆಗೆದುಕೊಂಡು ಮುಂದಿನ ಅಂಚನ್ನು ಪೂರ್ತಿ ಮುಚ್ಚಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಿ. ನಿಂತರೆ ಅಲ್ಲೇ. ನಿಲ್ಲದಿದ್ದರೆ ಬಲಬದಿ, ಆಮೇಲೆ ಎಡಬದಿ. ಪಕ್ಕದಲ್ಲಿ ಕಿವಿ ಚುರುಕಿರುವ ಒಬ್ಬರನ್ನು ಕೂರಿಸಿಕೊಳ್ಳಿ.

ಕಟಕಟಕ್ಕೆ ಎಂಜಿನ್ ಆರಿಸಿ ಬಾನೆಟ್ ಮೇಲೆ ಅಂಗೈಯಲ್ಲಿ ತಟ್ಟಿ. ಸದ್ದು ಸ್ಕೂಪಿನದಾ, ಬಾನೆಟ್‌ನದಾ ತಿಳಿಯುತ್ತದೆ. ಬಾನೆಟ್‌ನದೇ ಆಗಿದ್ದರೆ ಮೂಲೆಯ ರಬ್ಬರ್ ಬುಷ್ ಹಳೆಯದಾಗಿರಬಹುದು, ಸ್ಕೂಪ್ ಪಾಪ ನಿರಪರಾಧಿ.

ಲಕ್ಷಣ: ಒಳಗೆ ನೀರು, ತೂತಿನ ಸುತ್ತ ತುಕ್ಕು

ಬಾನೆಟ್‌ಗೆ ತೂತು ಹಾಕಿದ್ದರೆ ಮಾತ್ರ ಇದು. ಡ್ರಿಲ್ ಮಾಡಿದ ಮರುದಿನವೇ ಬಣ್ಣದ ಮೇಲೆ ಕಂದು ಚುಕ್ಕೆ ಕಂಡರೆ ಗಾಬರಿ ಬೇಡ, ಅದು ಡ್ರಿಲ್‌ನ ಕಬ್ಬಿಣದ ಪುಡಿ. ಬೆರಳಲ್ಲಿ ಒರೆಸಿದರೆ ಗೀರು ಬೀಳುತ್ತದೆ, ನೀರು ಹಾಯಿಸಿ ತೊಳೆಯಿರಿ. ತೂತಿನ ಅಂಚೇ ಕೆಂಪಾಗಿದ್ದರೆ ಬರೀ ತಗಡು ಹಾಗೇ ಉಳಿದಿದೆ. ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಸಣ್ಣ ಬ್ರಷ್‌ನಲ್ಲಿ ಪ್ರೈಮರ್, ಬಣ್ಣ ಎರಡೂ ಹಚ್ಚಿ, ಒಣಗಿದ ಮೇಲೆ ಸೀಲೆಂಟ್ ಹಾಕಿ ಬಿಗಿಯಿರಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಸೀಲೆಂಟ್ ಬೇಡ, ಅದರ ಆಮ್ಲ ತಗಡನ್ನೇ ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದದ್ದನ್ನು ಕೇಳಿ. ಬಣ್ಣದ ಕೆಲಸ ಪೂರ್ತಿ ಮುಗಿಯುವವರೆಗೆ ಆ ಟ್ಯೂಬ್ ತೆರೆಯಬೇಡಿ. ಫಿಶ್ ಐ ನೆನಪಿದೆ ಅಲ್ವಾ?

ಇನ್ನೂ ತೂತು ಹಾಕಿಲ್ಲದಿದ್ದರೆ, ಬಾನೆಟ್ ಎತ್ತಿ ಕೆಳಗಿನ ಪಟ್ಟಿಗಳು, ವೈಪರ್ ನೀರಿನ ಪೈಪ್, ವೈರ್ ಎಲ್ಲಿವೆ ನೋಡಿಕೊಂಡು ಗುರುತು ಮಾಡಿ. ಎಂಜಿನ್ ತಣ್ಣಗಿರಲಿ. ಅಡ್ಡಪಟ್ಟಿಯ ಮೇಲೆ ತೂತು ಹಾಕುವುದು, ಪಟ್ಟಿ ಕತ್ತರಿಸುವುದು ಬೇಡ, ಬಾನೆಟ್‌ನ ಬಲ ಅದರಲ್ಲೇ ಇರುವುದು.

ಲಕ್ಷಣ: ಬಾನೆಟ್ ಸರಿಯಾಗಿ ಲಾಕ್ ಆಗುತ್ತಿಲ್ಲ

ಗಾಡಿ ತೆಗೆಯಬೇಡಿ. ಇದಕ್ಕೆ ಬೇರೆ ಮಾತಿಲ್ಲ. ಸ್ಕೂಪಿನ ಬೋಲ್ಟ್‌ನ ತುದಿ ಕೆಳಗೆ ಬ್ಯಾಟರಿಗೋ ಏರ್ ಫಿಲ್ಟರ್ ಡಬ್ಬಕ್ಕೋ ತಾಗುತ್ತಿರಬಹುದು. ಬೋಲ್ಟ್ ತುದಿಗೆ ಹಸಿ ಮೈದಾ ಉಂಡೆ ಅಂಟಿಸಿ, ಬಾನೆಟ್ ಮೆಲ್ಲಗೆ ಇಳಿಸಿ ಎತ್ತಿ. ಎಲ್ಲಿ ಚಪ್ಪಟೆಯಾಗಿದೆಯೋ ಅಲ್ಲಿ ತಾಗುತ್ತಿದೆ. ಬ್ಯಾಟರಿ ಟರ್ಮಿನಲ್ ಹತ್ತಿರ ಬೋಲ್ಟ್ ಬಂದಿದ್ದರೆ ಮೊದಲು ನೆಗೆಟಿವ್ ವೈರ್ ಬಿಚ್ಚಿ. ತಾಗಿದರೆ ಕಿಡಿ ಹಾರುತ್ತದೆ. ಬೋಲ್ಟ್ ಉದ್ದ ಕಡಿಮೆ ಮಾಡಿದರೂ ಲಾಕ್ ಆಗದಿದ್ದರೆ, ಅಥವಾ ಲಾಕ್ ಆಗಿ ಬಾನೆಟ್ ಅಲ್ಲಾಡುತ್ತಿದ್ದರೆ, ಟಿಂಕರಿಂಗ್ ಗೊತ್ತಿರುವ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ. ಹೈವೇ 48ರಲ್ಲಿ 90ರ ವೇಗದಲ್ಲಿ ಬಾನೆಟ್ ಎದ್ದು ಗ್ಲಾಸಿಗೆ ಬಡಿದರೆ ಮುಂದೆ ಏನೂ ಕಾಣುವುದಿಲ್ಲ.

ಇದರ ಜತೆಗೇ ಒಮ್ಮೆ ಸೀಟಿನಲ್ಲಿ ಕೂತು ನೋಡಿ. ಸ್ಕೂಪ್ ರಸ್ತೆಯನ್ನು ಮರೆಮಾಡುತ್ತಿದೆಯಾ? ವೈಪರ್ ನೀರು ಗ್ಲಾಸಿಗೆ ಬೀಳುತ್ತಿದೆಯಾ, ಸ್ಕೂಪಿನ ಬೆನ್ನಿಗಾ?

ಲಕ್ಷಣ: ಸ್ಕೂಪ್ ಹಾಕಿದರೂ ಎಂಜಿನ್ ಬಿಸಿ ಕಡಿಮೆ ಆಗಿಲ್ಲ

ಆಗುವುದಿಲ್ಲ. ಹಳೆ ಫಾರ್ಚುನರ್ ಡೀಸೆಲ್‌ನ ಸ್ಕೂಪ್ ಕೆಳಗೆ ಇಂಟರ್‌ಕೂಲರ್ (ಟರ್ಬೊದಿಂದ ಎಂಜಿನ್‌ಗೆ ಹೋಗುವ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಇದೆ, ಗಾಳಿ ನೇರ ಅದಕ್ಕೆ ಹೋಗುತ್ತದೆ. ನಮ್ಮ ಅಂಟಿಸುವ ಸ್ಕೂಪ್ ಅಲಂಕಾರ, ಅಷ್ಟೇ. ಅದು ನಿಜವಾಗಿ ಕೆಲಸ ಮಾಡಲಿ ಅಂತ ಬಾನೆಟ್ ಕತ್ತರಿಸಿದರೆ ಗಾಳಿಗಿಂತ ಮೊದಲು ಮಳೆನೀರು ಒಳಗೆ ಹೋಗುತ್ತದೆ, ಇಗ್ನಿಷನ್ ಕಾಯಿಲ್ ಮೇಲೆ ಬೀಳುತ್ತದೆ. ಎಂಜಿನ್ ಬಿಸಿ ಜಾಸ್ತಿ ಇದ್ದರೆ ಕೂಲೆಂಟ್, ರೇಡಿಯೇಟರ್ ಫ್ಯಾನ್ ನೋಡಿಸಿ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ.

ಕತ್ತರಿಸುವ ಆಸೆ ಇನ್ನೂ ಉಳಿದಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 182ಎ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗಾಡಿ ಕೆಎ-17 ಆದರೆ ದಾವಣಗೆರೆ, ಕೆಎ-16 ಆದರೆ ಚಿತ್ರದುರ್ಗದ ಆರ್‌ಟಿಒ ಕಚೇರಿಗೆ ಗ್ರೈಂಡರ್ ಎತ್ತುವ ಮುಂಚೆ ಹೋಗಿ ಕೇಳಿ. ಇನ್ಶೂರೆನ್ಸ್ ಕಂಪನಿಗೂ ಒಂದು ಪತ್ರ ಬರೆದು ತಿಳಿಸಿ.